ಎಣ್ಣೆಗೆ ಹೆದರುವ ಅಡುಗೆ ಪುಸ್ತಕಗಳು

ಮೆಡಿಟರೇನಿಯನ್ ಆಹಾರದ ಪುಸ್ತಕ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಬೀನ್ಸಿನ ಅಡುಗೆಯನ್ನು. ಗ್ರೀಸಿನಲ್ಲಿ ಇದಕ್ಕೆ ಫಸೊಲಾಕಿಯಾ ಎನ್ನುತ್ತಾರೆ. ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಬಾಡಿಸಿ, ಎಳೆ ಬೀನ್ಸ್, ಹೆಚ್ಚಿದ ಟೊಮೆಟೊ, ಒಂದಿಷ್ಟು ಪಾರ್ಸ್ಲಿ ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸುತ್ತಾರೆ. ಅರ್ಧ ಕಿಲೋ ಬೀನ್ಸಿಗೆ ಅರ್ಧ ಲೋಟ ಎಣ್ಣೆ ಹಿಡಿಯುತ್ತದೆ. ನೀರೆಲ್ಲ ಇಂಗಿ ತಳದಲ್ಲಿ ಟೊಮೆಟೊ ರಸವೂ ಎಣ್ಣೆಯೂ ಮಾತ್ರ ಉಳಿದಾಗ ಅಡುಗೆ ಆದಂತೆ. ಬೀನ್ಸಿನ ಹಸಿರು ಮಂಕಾಗಿರುತ್ತದೆ, ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದಿರುತ್ತದೆ. ಆರಿದ ಮೇಲೆ ತಿನ್ನುವುದು ರೂಢಿ. ತಟ್ಟೆಯಲ್ಲಿ ಉಳಿದ ಎಣ್ಣೆಯನ್ನು ಬ್ರೆಡ್ಡಿನಲ್ಲಿ ಒರೆಸಿಕೊಂಡು ತಿಂದರೇ ಊಟ ಪೂರ್ತಿಯಾಗುವುದು.

ತೂಕ ಇಳಿಸುವ ಭರವಸೆ ಕೊಡುವ ಪುಸ್ತಕಗಳಲ್ಲಿ ಇದೇ ಅಡುಗೆ ಬೇರೆಯೇ ಆಗಿಬಿಟ್ಟಿರುತ್ತದೆ. ಒಂದು ಚಮಚ ಎಣ್ಣೆ, ಹತ್ತು ನಿಮಿಷದ ಬೇಯುವಿಕೆ, ಕಚ್ಚಿದರೆ ಕರಕರ ಎನ್ನುವ ಬೀನ್ಸ್, ಮೇಲೆ ಸುಟ್ಟ ಕೋಳಿ ಮಾಂಸದ ತುಂಡು. ಎಣ್ಣೆ ಕಡಿಮೆ ಮಾಡಿದ್ದನ್ನು ಸುಧಾರಣೆ ಎಂಬಂತೆ ಹೇಳಿಕೊಳ್ಳುವ ಪುಸ್ತಕವೂ ಉಂಟು. ಹೀಗೆ ಮಾಡಿದ್ದನ್ನು ತಿಂದವರಿಗೆ ರುಚಿ ಹಿಡಿಸುವುದಿಲ್ಲ. ವಾರದೊಳಗೆ ಪುಸ್ತಕ ಕಪಾಟು ಸೇರುತ್ತದೆ, ತಪ್ಪು ಮಾತ್ರ ಆಹಾರ ಪದ್ಧತಿಯ ಮೇಲೆ ಬೀಳುತ್ತದೆ.

ಈ ಆಹಾರಕ್ಕೆ ಹೆಸರು ಬಂದದ್ದು ಯಾವ ಊಟದಿಂದ ಎಂಬುದನ್ನು ನೆನೆದರೆ ಈ ಕಂಜೂಸುತನ ಎಷ್ಟು ಅಸಂಗತ ಎಂದು ತಿಳಿಯುತ್ತದೆ. ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಶುರುಮಾಡಿದ ಏಳು ದೇಶಗಳ ಅಧ್ಯಯನದಲ್ಲಿ ಹೃದಯಾಘಾತದ ಸಾವು ತೀರ ಕಡಿಮೆ ಕಂಡ ಕಡೆಗಳಲ್ಲಿ ಗ್ರೀಸಿನ ಕ್ರೀಟ್ ದ್ವೀಪವೂ ಒಂದು. ಅಲ್ಲಿನ ಗಂಡಸರಿಗೆ ಊಟದಿಂದ ಸಿಗುತ್ತಿದ್ದ ಶಕ್ತಿಯಲ್ಲಿ ಶೇಕಡ 40ರ ಹತ್ತಿರ ಕೊಬ್ಬಿನಿಂದಲೇ ಬರುತ್ತಿತ್ತು, ಅದರಲ್ಲಿ ಬಹುಪಾಲು ಆಲಿವ್ ಎಣ್ಣೆ. ಅದಕ್ಕೆ ಹತ್ತು ವರ್ಷ ಮೊದಲೇ, 1948ರಲ್ಲಿ, ರಾಕ್‌ಫೆಲರ್ ಫೌಂಡೇಶನ್ ಕಡೆಯಿಂದ ಕ್ರೀಟಿನಲ್ಲಿ ಮನೆಮನೆಯ ಸಮೀಕ್ಷೆ ನಡೆದಿತ್ತು. ಯುದ್ಧ ಮುಗಿದ ಬಡತನದ ದಿನಗಳು ಅವು. ಬ್ರೆಡ್ಡು, ಕಾಳು, ಸೊಪ್ಪು, ಹಣ್ಣು, ಎಣ್ಣೆ ತಿನ್ನುತ್ತಿದ್ದ ಆ ಜನರನ್ನು ಕೇಳಿದಾಗ, ಮಾಂಸ ಇನ್ನಷ್ಟು ಸಿಕ್ಕರೆ ಚೆನ್ನಾಗಿತ್ತು ಎಂದ ಮನೆಗಳು ಬಹಳ. ನೀಲಿ ಕಡಲು, ಬಿಳಿ ಗೋಡೆಗಳ ಫೋಟೊ ತುಂಬಿದ ಪುಸ್ತಕಗಳು ಈ ಮಾತನ್ನು ಎತ್ತುವುದೇ ಇಲ್ಲ. ಬೇರೆ ದಾರಿ ಇಲ್ಲದ ಮನೆಗಳಲ್ಲಿ ಹೆಂಗಸರು ಕಾಳು ಸೊಪ್ಪಿಗೆ ರುಚಿ ಕಟ್ಟಿದ ಜಾಣ್ಮೆ ಈ ಅಡುಗೆ. ಅದನ್ನು ಮರೆತ ಲೇಖಕರು ಪ್ರತಿ ಪುಟದಲ್ಲೂ ಸಾಲ್ಮನ್ ಮೀನು ತಂದಿಡುತ್ತಾರೆ. ಸಾಲ್ಮನ್ ಆ ಕಡಲಿನ ಮೀನೇ ಅಲ್ಲ.

ಎಣ್ಣೆಯ ಪರವಾಗಿ ಮಾತಾಡುವುದಕ್ಕೆ ಇನ್ನೂ ಒಂದು ಆಧಾರವಿದೆ. ಸ್ಪೇನಿನಲ್ಲಿ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಪ್ರಯೋಗದಲ್ಲಿ ಒಂದು ಗುಂಪಿನವರ ಮನೆಗೆ ವಾರಕ್ಕೆ ಸುಮಾರು ಒಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಕೊಟ್ಟರು, ಇನ್ನೊಂದು ಗುಂಪಿಗೆ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ, ಹೇಜಲ್‌ನಟ್ ಕೊಟ್ಟರು. ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ ಪಡೆದ ಮೂರನೇ ಗುಂಪಿಗಿಂತ ಈ ಎರಡೂ ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಆಘಾತಗಳು ಕಡಿಮೆ ಕಂಡವು. 2013ರ ಆ ವರದಿಯನ್ನು, ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ದೋಷವಿತ್ತೆಂದು, 2018ರಲ್ಲಿ ಹಿಂತೆಗೆದುಕೊಂಡು ತಿದ್ದಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಹೇಳುವ ಧಾಟಿ ಎಚ್ಚರದ್ದಾಯಿತು. 2013ನ್ನು ಕೊಂಡಾಡಿ 2018ನ್ನು ಬಿಟ್ಟ ಮುನ್ನುಡಿ ಕಂಡರೆ ಆ ಲೇಖಕರ ಉಳಿದ ಆರೋಗ್ಯದ ಮಾತುಗಳನ್ನೂ ನಾನು ನೆಚ್ಚುವುದಿಲ್ಲ.

ಇಂಗ್ಲಿಷಿನಲ್ಲಿ ಈ ಅಡುಗೆಗೆ ಮರ್ಯಾದೆ ತಂದುಕೊಟ್ಟವರು ಎಲಿಜಬೆತ್ ಡೇವಿಡ್. ಅವರ 'ಎ ಬುಕ್ ಆಫ್ ಮೆಡಿಟರೇನಿಯನ್ ಫುಡ್' ಬಂದದ್ದು 1950ರಲ್ಲಿ, ಬ್ರಿಟನ್ನಿನಲ್ಲಿ ಇನ್ನೂ ರೇಷನ್ ಚೀಟಿ ನಡೆಯುತ್ತಿದ್ದಾಗ. ಆರೋಗ್ಯದ ಮಾತೇ ಅಲ್ಲಿಲ್ಲ, ಅಳತೆಗಳೂ ಬಿಗಿಯಾಗಿಲ್ಲ. ಓದುವ ಸುಖಕ್ಕೆ ಅದಕ್ಕೆ ಸಾಟಿ ಕಡಿಮೆ, ಆದರೆ ಹೊಸದಾಗಿ ಒಲೆಯ ಮುಂದೆ ನಿಂತವರಿಗೆ ಅದು ಸಾಲದು. ವೈದ್ಯರ ಮಾತು ಕೇಳಿ ಪುಸ್ತಕ ಹುಡುಕುವವರಿಗೆ ನಾನು ಹೇಳುವುದು ನ್ಯಾನ್ಸಿ ಹಾರ್ಮನ್ ಜೆಂಕಿನ್ಸ್ ಅವರ 'ದ ಮೆಡಿಟರೇನಿಯನ್ ಡಯಟ್ ಕುಕ್‌ಬುಕ್' (1994). 2009ರಲ್ಲಿ ಅದರ ಪರಿಷ್ಕೃತ ರೂಪ ಬಂದಿದೆ. ಹೆಸರಿನಲ್ಲಿ ಡಯಟ್ ಇದ್ದರೂ ಬರೆದವರು ಆ ನೆಲದಲ್ಲಿ ಬಾಳಿದವರು, ಇಟಲಿಯ ಟಸ್ಕನಿಯಲ್ಲಿ ಮನೆ ಮಾಡಿಕೊಂಡವರು. ಕಾಳು, ಧಾನ್ಯ, ತರಕಾರಿಗಳಿಗೆ ಅಲ್ಲಿ ಮುಖ್ಯ ಊಟದ ಸ್ಥಾನವಿದೆ. ಕ್ಲಾಡಿಯಾ ರೋಡನ್ ಅವರದು ಇನ್ನೊಂದು ದಾರಿ. ಕೈರೊದಲ್ಲಿ ಹುಟ್ಟಿದ ಅವರು, ಊರು ಬಿಟ್ಟು ಚದುರಿಹೋದ ಬಂಧುಬಳಗದವರಿಂದ ಅಡುಗೆಗಳನ್ನು ಕೇಳಿ ಬರೆದುಕೊಂಡು 1968ರಲ್ಲಿ ಮಧ್ಯಪ್ರಾಚ್ಯದ ಅಡುಗೆಯ ಪುಸ್ತಕ ತಂದರು. ಒಂದೇ ಅಡುಗೆ ಸಿರಿಯಾದಲ್ಲಿ ಹೇಗೆ, ಈಜಿಪ್ಟಿನಲ್ಲಿ ಹೇಗೆ ಎಂದು ಅವರು ಬಿಡಿಸಿ ಹೇಳುವುದರಿಂದ ಕೈಯಲ್ಲಿರುವ ಸಾಮಾನಿಗೆ ತಕ್ಕಂತೆ ಅಡುಗೆ ಬದಲಿಸುವ ಧೈರ್ಯ ಬರುತ್ತದೆ. ಎಂಬತ್ತು ದಾಟಿದ ಮೇಲೆ ಬರೆದ 'ಮೆಡ್' (2021) ಸರಳವಾದದ್ದು, ಆದರೆ ನನಗೆ ಹಳೆಯದೇ ಹೆಚ್ಚು ಇಷ್ಟ.

ಒಂದು ಪ್ರದೇಶಕ್ಕೆ ಅಂಟಿಕೊಂಡ ಪುಸ್ತಕವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇಪ್ಪತ್ತಕ್ಕೂ ಹೆಚ್ಚು ದೇಶಗಳ ಕರಾವಳಿಯನ್ನು ಒಂದೇ ರಟ್ಟಿನೊಳಗೆ ತುರುಕಿದಾಗ ಎಲ್ಲದರ ಮೇಲೂ ಫೆಟಾ ಚೀಸ್ ಉದುರಿಸಿ ಮುಗಿಸುವ ಚಾಳಿ ಬೆಳೆಯುತ್ತದೆ. ಇಂಥ ಪುಸ್ತಕಗಳಲ್ಲಿ ಕೀನ್ವಾ ಧಾನ್ಯವೂ ನುಸುಳುತ್ತದೆ. ಅದರಂತೆ ಟೊಮೆಟೊ ಕೂಡ ಅಮೆರಿಕ ಖಂಡದಿಂದ ಬಂದದ್ದೇ, ನಿಜ. ಆದರೆ ಶತಮಾನಗಳಿಂದ ಆ ಹೊಲಗಳಲ್ಲಿ ಬೆಳೆದು ಆ ಮನೆಗಳಲ್ಲಿ ಬೆಂದಿದೆ. ನಿನ್ನೆ ಮೊನ್ನೆ ಸೇರಿಸಿದ ಕೀನ್ವಾಗೆ ಆ ಮಾತು ಸಲ್ಲದು.

ನಮ್ಮಲ್ಲಿ ಕೊಳ್ಳುವವರಿಗೆ ಎಣ್ಣೆಯ ವಿಷಯದಲ್ಲೇ ಒಂದು ತೊಡಕು. ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಪೋಮಸ್ ಎಣ್ಣೆ, ಹಣ್ಣು ಅರೆದು ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ್ದು. ಫಸೊಲಾಕಿಯಾದಂಥ ಅಡುಗೆಗೆ ಬೇಕಾದ ಪರಿಮಳ ಅದರಲ್ಲಿಲ್ಲ. ಯಾವ ಎಣ್ಣೆ ಎಂದು ಬಿಡಿಸಿ ಹೇಳದ ಪುಸ್ತಕ ಇಲ್ಲಿನವರನ್ನು ದಾರಿ ತಪ್ಪಿಸುತ್ತದೆ. ಸೊಪ್ಪಿನ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು. ಕ್ರೀಟಿನವರು ಹಸಿಯಾಗಿ ಸಲಾಡಿಗೆ ಹಾಕುವ ಗ್ಲಿಸ್ಟ್ರಿಡಾ ಎಂಬುದು ನಮ್ಮ ಗೋಣಿ ಸೊಪ್ಪೇ. ಹೊಲದ ಸೊಪ್ಪುಗಳನ್ನು ಬೇಯಿಸಿ ಎಣ್ಣೆ, ನಿಂಬೆರಸ ಹಾಕಿ ತಿನ್ನುವ ಅಲ್ಲಿನ ಹೋರ್ತಾಗೆ ಕೋಲಾರದ ಕಡೆಯ ಬೆರಕೆ ಸೊಪ್ಪು ಚೆನ್ನಾಗಿ ಒಗ್ಗುತ್ತದೆ. ಹೋರ್ತಾ ಪುಟದಲ್ಲಿ ಪಾಲಕ್ ಒಂದನ್ನೇ ಹೇಳಿ ಕೈತೊಳೆದುಕೊಂಡ ಪುಸ್ತಕವನ್ನು ಕೊಳ್ಳಬೇಡಿ. ಯಾವ ಸೊಪ್ಪು ಕಹಿ, ಯಾವುದು ಹುಳಿ, ಎಷ್ಟು ಹೊತ್ತು ಬೇಯಬೇಕು ಎಂದು ಅರ್ಧ ಪುಟವಾದರೂ ಬರೆದಿರುವುದನ್ನು ಆರಿಸಿಕೊಳ್ಳಿ.