ಇಕ್ಕಟ್ಟಿನ ನಿವೇಶನದಲ್ಲೊಂದು ಬಯಲು ಶಾಲೆ

ಊರ ನಡುವೆ ಶಾಲೆಗೊಂದು ನಿವೇಶನ ದೊರೆತರೆ ಅದರ ಅಂಗುಲ ಅಂಗುಲವನ್ನೂ ಕೊಠಡಿಗಳಿಂದ ತುಂಬುವುದೇ ಜಾಣತನವೆಂದು ಬಹುಮಂದಿ ಭಾವಿಸುತ್ತಾರೆ. ಮಕ್ಕಳ ಪಾಲಿಗೆ ಉಳಿಯುವುದು ಗೋಡೆಯ ನೆರಳಷ್ಟೇ. ಹಾಗೆ ಭಾವಿಸುವ ವಾಚಕರು ಆಮ್‌ಸ್ಟರ್‌ಡ್ಯಾಮ್ ನಗರದ ಕ್ಲಿಯೋ ಬೀದಿಯಲ್ಲಿರುವ ಬಯಲು ಶಾಲೆಯ ನಕ್ಷೆಯನ್ನೊಮ್ಮೆ ಅವಲೋಕಿಸಬೇಕು. 1930ರಲ್ಲಿ ಪೂರ್ಣಗೊಂಡ ಈ ಕಟ್ಟಡವನ್ನು ರಚಿಸಿದವರು ಡಚ್ ವಾಸ್ತುಶಿಲ್ಪಿ ಯಾನ್ ಡಾಯ್ಕರ್.

ಬಯಲು ಶಾಲೆ ಮೊದಲು ತೆರೆದದ್ದು 1904ರಲ್ಲಿ, ಬರ್ಲಿನ್ನಿನ ಬಳಿಯ ಶಾರ್ಲೊಟ್ಟೆನ್‌ಬುರ್ಗಿನ ಕಾಡಿನಲ್ಲಿ. ಅದು ಅಶಕ್ತ ಮಕ್ಕಳಿಗಾಗಿ. ಆರೋಗ್ಯವಂತ ಮಕ್ಕಳಿಗೂ ಗಾಳಿಬೆಳಕು ಬೇಕೆಂದು ಆಮ್‌ಸ್ಟರ್‌ಡ್ಯಾಮಿನವರು ಬಯಸಿದರು. ಆದರೆ ನಗರದಲ್ಲಿ ಕಾಡೆಲ್ಲಿ? ಅವರಿಗೆ ಒದಗಿದ್ದು ಮನೆಗಳ ಸಾಲು ಸುತ್ತುವರಿದ ಒಳ ಅಂಗಳ.

ಡಾಯ್ಕರರು ಕಟ್ಟಡವನ್ನು ನೆಲದ ಮೇಲೆ ಹರಡಲಿಲ್ಲ, ಎತ್ತರಕ್ಕೆ ಏರಿಸಿದರು. ಸುತ್ತಲಿನ ನೆಲ ಆಟಕ್ಕೆ ಉಳಿಯಿತು. ಚೌಕಾಕಾರದ ನಕ್ಷೆಯನ್ನು ನಾಲ್ಕು ಪಾಲಾಗಿಸಿ ನಡುವೆ ಮೆಟ್ಟಿಲನ್ನಿರಿಸಿದರು. ಮೇಲಂತಸ್ತುಗಳಲ್ಲಿ ಎರಡು ಪಾಲು ತರಗತಿಗಳಿಗೆ. ದಕ್ಷಿಣದ ಪಾಲು ಗೋಡೆಯಿಲ್ಲದ ಜಗಲಿ, ಎರಡೂ ತರಗತಿಗಳಿಗೆ ಸಾಮಾನ್ಯ. ಕಂಬಗಳು ಮೂಲೆಗಳಲ್ಲಿಲ್ಲ, ಬದಿಗಳ ನಡುವೆ ಇವೆ. ಭಾರವೆಲ್ಲ ಕಾಂಕ್ರೀಟಿನ ಚೌಕಟ್ಟಿನದಾದ್ದರಿಂದ ಮೂಲೆಗಳು ಬೆಳಕಿಗೆ ತೆರೆದುಕೊಂಡಿವೆ. ಬೀದಿಯಿಂದ ಬರುವ ಮಗು ದ್ವಾರಗೃಹದ ಅಡಿಯಲ್ಲಿ ಹಾದು, ವಾಹನಗಳನ್ನು ಹಿಂದಿಕ್ಕಿ ಅಂಗಳ ಸೇರುತ್ತದೆ. ಇದು ಸಣ್ಣ ವಿಷಯವೆಂದು ತೋರಬಹುದು. ಶಾಲೆ ಬಿಡುವ ಹೊತ್ತಿನಲ್ಲಿ ಬಾಗಿಲು ರಸ್ತೆಗೇ ತೆರೆಯುವ ಶಾಲೆಯ ಮುಂದೆ ನಿಂತವರಿಗೆ ಹಾಗೆ ತೋರದು.

ಕೊರತೆಗಳೂ ಇವೆ. ಎಳೆಯರು ಅಂತಸ್ತು ಅಂತಸ್ತಾಗಿ ಮೆಟ್ಟಿಲೇರಬೇಕು. ಸುತ್ತಲೂ ಮನೆಗಳಿರುವಾಗ ಮಕ್ಕಳ ಗದ್ದಲ ನೆರೆಯವರ ಕಿಟಕಿಗೆ ತಾಗದಿರದು. ಜಗಲಿ ಪಾಠಕ್ಕೆ ಸಾಕು, ಓಟಕ್ಕೆ ಸಾಲದು. ಇನ್ನು ಆ ಗಾಜಿನ ಗೋಡೆಗಳು! ಬಿಸಿಲು ವಿರಳವಾದ ನಾಡಿಗೆ ಅವು ಸಲ್ಲಬಹುದು. ಅವನ್ನು ಕಲಬುರ್ಗಿಗೋ ರಾಯಚೂರಿಗೋ ತಂದರೆ ಮಕ್ಕಳು ಬೆಂದುಹೋದಾರು. ಚಿತ್ರಗಳನ್ನು ನೋಡಿ ಕಟ್ಟುವವರು ಮೊದಲು ಅನುಕರಿಸುವುದು ಗಾಜನ್ನೇ ಎಂಬುದು ವಿಷಾದದ ಸಂಗತಿ. ಅನುಕರಣೀಯವಾದದ್ದು ಕಟ್ಟದೆ ಬಿಟ್ಟ ಆ ದಕ್ಷಿಣದ ಪಾಲು. ನಮ್ಮಲ್ಲಾದರೆ ಅದಕ್ಕೆ ಬೇರೆ ದಿಕ್ಕನ್ನೂ ಸೂರಿನ ನೆರಳನ್ನೂ ಯೋಚಿಸಬೇಕಾದೀತು.

ಒಂದು ಜಗಲಿ ಎರಡು ತರಗತಿಗಳಿಗೆ ಸೇರಿದ್ದಾದ್ದರಿಂದ ಇಬ್ಬರು ಉಪಾಧ್ಯಾಯರ ವೇಳಾಪಟ್ಟಿ ಹೊಂದಲೇಬೇಕು. ಇಲ್ಲವಾದರೆ ಅದು ಮುರಿದ ಬೆಂಚುಗಳ ಉಗ್ರಾಣವಾಗಲು ಹೆಚ್ಚು ಕಾಲ ಬೇಡ. ಡಾಯ್ಕರರ ಕಟ್ಟಡದಲ್ಲಿ ಇಂದಿಗೂ ಶಾಲೆಯೇ ನಡೆಯುತ್ತಿದೆ.