1-0-1: ಬೆಳಗಿನ ‘ಒಂದ’ರ ಮೇಲೆ ನನ್ನ ತಕರಾರು

ನಮ್ಮ ಡಾಕ್ಟರ ಚೀಟಿಗಳಲ್ಲಿ 1-0-1ಕ್ಕೆ ಇರುವ ಮರ್ಯಾದೆ ಇನ್ನಾವ ಬರಹಕ್ಕೂ ಇಲ್ಲ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಪುಣೆಯ ಮರಾಠಿ ಡಾಕ್ಟರು ಬರೆದದ್ದನ್ನು ಧಾರವಾಡದಿಂದ ಬಂದ ಅಜ್ಜಿಯೂ ಯಾರನ್ನೂ ಕೇಳದೆ ತಿಳಿದುಕೊಳ್ಳುತ್ತಾಳೆ. ಇದು ಸಣ್ಣ ಗುಣವಲ್ಲ. ಆದರೆ ಥೈರಾಯ್ಡ್ ಮಾತ್ರೆ ತಗೊಳ್ಳುವ ಹೆಂಗಸಿನ ಫೆರಿಟಿನ್ ತಳಮುಟ್ಟಿರುವಾಗ ಈ ಪದ್ಧತಿಯಿಂದ ಉಪಯೋಗಕ್ಕಿಂತ ಅಪಾಯವೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ರಕ್ತಹೀನತೆ ಎಷ್ಟು ಹರಡಿದೆ ಎಂದು ಮತ್ತೆ ಹೇಳಬೇಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದಿತ್ತು. ಸಮೀಕ್ಷೆ ಅಳೆದದ್ದು ಹಿಮೋಗ್ಲೋಬಿನ್. ಅದು ಇಳಿಯುವ ಮೊದಲೇ ಮೈಯೊಳಗಿನ ಕಬ್ಬಿಣದ ದಾಸ್ತಾನು ಬರಿದಾಗಿರುತ್ತದೆ, ಅದನ್ನು ತೋರಿಸುವುದು ಫೆರಿಟಿನ್. ‘ಎಚ್‌ಬಿ 12 ಇದೆ, ಏನೂ ಆಗಿಲ್ಲ’ ಎಂದು ಮನೆಗೆ ಕಳಿಸಿಬಿಟ್ಟ ಎಷ್ಟೋ ಹೆಂಗಸರ ಸುಸ್ತಿಗೆ ಕಾರಣ ಇಲ್ಲೇ ಇರಬಹುದು.

ಪುಣೆಯ ಕೊಥರೂಡು, ಕರ್ವೆನಗರಗಳ ಮನೆಗಳಲ್ಲಿ ಮಾಮೂಲಾಗಿ ಸಿಗುವಂಥ ಒಂದು ಚೀಟಿಯನ್ನು ಎದುರಿಗಿಟ್ಟುಕೊಳ್ಳೋಣ. ಮೊದಲ ಸಾಲು: ಲೆವೊಥೈರಾಕ್ಸಿನ್ 50 ಮೈಕ್ರೊಗ್ರಾಂ, 1-0-0, ಖಾಲಿ ಹೊಟ್ಟೆಗೆ. ಎರಡನೆಯದು: ಪ್ಯಾಂಟೊಪ್ರಜೋಲ್ 40, 1-0-0, ತಿಂಡಿಗೆ ಮುಂಚೆ. ಮೂರನೆಯದು: ಕಬ್ಬಿಣ, 1-0-1, ಊಟವಾದ ಮೇಲೆ. ಕೊನೆಗೆ ಕ್ಯಾಲ್ಸಿಯಂ, 0-0-1. ಒಂದೊಂದು ಸಾಲನ್ನೂ ಬಿಡಿಯಾಗಿ ಓದಿದರೆ ತಪ್ಪು ಕಾಣುವುದಿಲ್ಲ. ಮೇಲಿನಿಂದ ಕೆಳಕ್ಕೆ ಓದಿ. ಮೊದಲ ಮೂರು ಸಾಲಿನ ಮೊದಲ ಒಂದುಗಳು ಒಂದರ ಕೆಳಗೊಂದು ನಿಂತಿವೆ. ಬೆಳಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ ಮತ್ತು ಆಸಿಡಿಟಿ ಮಾತ್ರೆ, ಆರೂವರೆಗೆ ಚಹಾ, ಏಳೂವರೆಗೆ ಪೋಹೆ, ಅದರ ಬೆನ್ನಿಗೇ ಕಬ್ಬಿಣ, ಇನ್ನೊಂದು ಲೋಟ ಚಹಾ. ಕಬ್ಬಿಣಕ್ಕೂ ಥೈರಾಕ್ಸಿನ್ನಿಗೂ ನಡುವೆ ನಾಲ್ಕು ತಾಸಿನ ಅಂತರ ಬೇಕು. ಇಲ್ಲಿರುವುದು ಒಂದೂವರೆ ತಾಸು. ಎರಡೂ ಕರುಳಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಥೈರಾಕ್ಸಿನ್ನಿನ ಒಂದು ಪಾಲು ರಕ್ತಕ್ಕೆ ಸೇರದೆ ಹೋಗುತ್ತದೆ. ಆಸಿಡಿಟಿ ಮಾತ್ರೆ ಹೊಟ್ಟೆಯ ಆಮ್ಲ ತಗ್ಗಿಸುವುದರಿಂದ ಎರಡಕ್ಕೂ ಅಡ್ಡಿ. ಚಹಾ ಕಬ್ಬಿಣವನ್ನು ಹಿಡಿದಿಡುತ್ತದೆ. ಪೋಹೆಯ ಮೇಲೆ ಹಿಂಡಿದ ನಿಂಬೆಹಣ್ಣೊಂದೇ ಇಷ್ಟರಲ್ಲಿ ಕಬ್ಬಿಣದ ಪರ.

ಇದು ಬರೀ ಊಹೆಯಲ್ಲ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14 ರೋಗಿಗಳಿಗೆ ಥೈರಾಕ್ಸಿನ್ ಜೊತೆಗೇ ಫೆರಸ್ ಸಲ್ಫೇಟ್ ಕೊಟ್ಟು ನೋಡಿದರು. 12 ವಾರದಲ್ಲಿ ಸರಾಸರಿ ಟಿಎಸ್‌ಎಚ್ (ಮೈಗೆ ಥೈರಾಕ್ಸಿನ್ ಸಾಲದಾದಾಗ ಏರುವ ಹಾರ್ಮೋನು) 1.6ರಿಂದ 5.4ಕ್ಕೆ ಏರಿತು. ಅಧ್ಯಯನ ಚಿಕ್ಕದು, ನಿಜ. ಆದರೆ ಅದು ತೋರಿಸಿದ ಅಪಾಯ ಮುಂದಿನ ಭೇಟಿಯಲ್ಲೇ ಎದುರಾಗುತ್ತದೆ. ಏರಿದ ಟಿಎಸ್‌ಎಚ್ ನೋಡಿದ ಡಾಕ್ಟರು 50 ಇದ್ದದ್ದನ್ನು 75 ಮಾಡುತ್ತಾರೆ. ಮೂರು ತಿಂಗಳಿಗೆ ಕಬ್ಬಿಣದ ಕೋರ್ಸ್ ಮುಗಿದು ಅಡ್ಡಿ ಹೋಗುತ್ತದೆ, 75 ಪೂರ್ತಿಯಾಗಿ ರಕ್ತಕ್ಕಿಳಿಯುತ್ತದೆ. ಆಗ ಎದೆ ಡವಗುಟ್ಟುತ್ತದೆ, ನಿದ್ದೆ ಹಾರಿಹೋಗುತ್ತದೆ. ಇದು ಹೀಗೇ ಮುಂದುವರಿದರೆ ಮುಟ್ಟು ನಿಂತ ವಯಸ್ಸಿನವರ ಮೂಳೆಗೂ ಪೆಟ್ಟು. ತಪ್ಪು ಸಮಯದ್ದು, ದೂರು ಮಾತ್ರ ಥೈರಾಯ್ಡ್ ಮೇಲೆ.

ಇನ್ನು ರಾತ್ರಿಯ ಒಂದು. ದಿನಕ್ಕೆರಡು ಕೊಟ್ಟರೆ ಬೇಗ ತುಂಬುತ್ತದೆ ಎಂಬ ನಂಬಿಕೆಗೆ ಜ್ಯೂರಿಕ್‌ನ ಸಂಶೋಧಕರು ಉತ್ತರ ಕೊಟ್ಟು ವರ್ಷಗಳಾದವು. 60 ಮಿಲಿಗ್ರಾಂ ಕಬ್ಬಿಣ ಒಳಹೋದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನ ಮುಂದಿನ ಕಬ್ಬಿಣಕ್ಕೆ ಬಾಗಿಲು ಹಾಕುತ್ತದೆ. 2017ರ ಅವರ ಪ್ರಯೋಗದಲ್ಲಿ ಫೆರಿಟಿನ್ 25ಕ್ಕಿಂತ ಮೇಲಿಲ್ಲದ ಹೆಂಗಸರು ದಿನಾ ತಗೊಂಡಾಗ ಹೀರಿಕೆ 16.3 ಶೇಕಡಾ, ದಿನ ಬಿಟ್ಟು ದಿನ ತಗೊಂಡಾಗ 21.8 ಶೇಕಡಾ. ಹೀರದೆ ಉಳಿದ ಕಬ್ಬಿಣ ಕರುಳಿನಲ್ಲಿ ನಿಂತು ಮಲಬದ್ಧತೆ, ಹೊಟ್ಟೆ ಉರಿ ತರುತ್ತದೆ, ಆ ಉರಿಗೇ ಮತ್ತೆ ಪ್ಯಾಂಟೊಪ್ರಜೋಲ್. ದಿನ ಬಿಟ್ಟು ದಿನ ಎಂದು ಬರೆಯಲು 1-0-1ರಲ್ಲಿ ಜಾಗವೇ ಇಲ್ಲ. ಗರ್ಭಿಣಿಯರ ಮಾತು ಬೇರೆ, ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ದಿನದ 60 ಮಿಲಿಗ್ರಾಂ ಅವರಿಗೆ ಬೇಕು. ರಕ್ತ ತೀರಾ ಇಳಿದವರಿಗೂ ದಿನಾ ಬೇಕಾಗಬಹುದು.

ಈ ಚೀಟಿಯನ್ನು ಟೀಕಿಸುವ ಇನ್ನೊಂದು ಗುಂಪಿದೆ. ಅವರೊಡನೆ ನನ್ನ ಜಗಳ ಇನ್ನೂ ದೊಡ್ಡದು. ಥೈರಾಯ್ಡ್ ಇರುವವರ ಫೆರಿಟಿನ್ 100 ದಾಟಲೇಬೇಕು, ಮಾತ್ರೆಯಿಂದ ಆಗದು, ಸಲೈನ್‌ನಲ್ಲಿ ಕಬ್ಬಿಣ ಏರಿಸಿ ಎನ್ನುತ್ತಾರೆ ಅವರು. ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಬಳಸುವ ಪೆರಾಕ್ಸಿಡೇಸ್ ಕಿಣ್ವಕ್ಕೆ ಕಬ್ಬಿಣ ಬೇಕು ಎಂಬುದು ಅವರ ಆಧಾರ. ಆ ಮಾತು ಸರಿ. ಆದರೆ ಹಾರ್ಮೋನನ್ನು ಪೂರ್ತಿ ಮಾತ್ರೆಯಿಂದಲೇ ಪಡೆಯುವವರಿಗೆ ಆ ವಾದ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ? ಕೊರತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಗೆರೆ 15, ಅನೇಕ ವೈದ್ಯರು 30 ಹಿಡಿಯುತ್ತಾರೆ. 100ರ ಗೆರೆ ಹೃದಯ ವೈಫಲ್ಯದಂಥ ಕಾಯಿಲೆಗಳಿಗೆ ಸೇರಿದ್ದು. ಮೈಯಲ್ಲಿ ಉರಿಯೂತ ಇದ್ದರೆ ಫೆರಿಟಿನ್ ತಾನಾಗಿಯೇ ಏರಿ ಕೊರತೆಯನ್ನು ಮುಚ್ಚಿಡುತ್ತದೆ ಎಂಬುದನ್ನಂತೂ ಇವರು ಹೇಳುವುದೇ ಇಲ್ಲ. ಸಲೈನ್‌ನಲ್ಲಿ ಹೆಚ್ಚಾಗಿ ಕೊಡುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ರಕ್ತದ ಫಾಸ್ಫೇಟನ್ನು ಇಳಿಸುತ್ತದೆ. 2020ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಹೀಗಾಯಿತು. ಫಾಸ್ಫೇಟ್ ತೀರಾ ಇಳಿದರೆ ಸುಸ್ತು, ಸ್ನಾಯುಗಳಲ್ಲಿ ನಿಶ್ಶಕ್ತಿ, ಮೂಳೆನೋವು. ಯಾವ ಸುಸ್ತಿಗೆಂದು ಸೂಜಿ ಚುಚ್ಚಿಸಿಕೊಂಡಳೋ ಆ ಸುಸ್ತೇ ಮರಳಿ ಬಂದಾಗ, ಇನ್ನೊಂದು ಬಾಟಲಿ ಎನ್ನುವವರನ್ನು ಒಪ್ಪಲು ನನ್ನಿಂದಾಗದು. ಕರುಳು ಹೀರದವರಿಗೆ, ಮಾತ್ರೆ ಕೊಂಚವೂ ತಡೆಯದವರಿಗೆ ಅದು ವರದಾನ. ಒಂದು ಸಂಖ್ಯೆಯ ಮೋಹಕ್ಕೆ ಕೊಡುವ ಔಷಧ ಅದಲ್ಲ.

ಅಳೀವ್ (ಅಳವಿ ಬೀಜದ) ಲಾಡು, ಬೆಲ್ಲ, ಬೀಟ್‌ರೂಟಿನಲ್ಲೇ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಹೆಚ್ಚು ಉತ್ತರ ಬೇಕಿಲ್ಲ. ಊಟ ದಾಸ್ತಾನನ್ನು ಕಾಯಬಲ್ಲದು, ಬರಿದಾದದ್ದನ್ನು ಬೇಗ ತುಂಬಲಾರದು.

ಪುಣೆಯಲ್ಲಿದ್ದುಕೊಂಡು ಇನ್ನೊಂದನ್ನು ಮರೆಯುವಂತಿಲ್ಲ. ಇಲ್ಲಿನ ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದಂತೆ ಪುಣೆ ಮತ್ತು ಸುತ್ತಲ ಹಳ್ಳಿಗಳ ಗಂಡಸರಲ್ಲಿ 67 ಶೇಕಡಾ ಮಂದಿಗೆ ಬಿ12 ಕಡಿಮೆ ಇತ್ತು. ಥೈರಾಯ್ಡಿನ ಸ್ವಯಂನಿರೋಧಕ (ಆಟೊಇಮ್ಯೂನ್) ರೋಗ ಇರುವವರಲ್ಲಿ ಹೊಟ್ಟೆಯ ಒಳಪದರವೂ ಅದೇ ಬಗೆಯ ರೋಗಕ್ಕೆ ಸಿಕ್ಕಿ, ಕಬ್ಬಿಣ, ಬಿ12 ಎರಡನ್ನೂ ಹೀರದಂತಾಗಬಹುದು. ಕಬ್ಬಿಣದ ಮಾತ್ರೆಯೊಳಗೇ ಬರುವ ಫೋಲಿಕ್ ಆಸಿಡ್ ರಕ್ತವನ್ನು ಸುಧಾರಿಸಿ ತೋರಿಸುತ್ತದೆ, ಬಿ12 ಇಲ್ಲದೆ ನರಗಳು ಮಾತ್ರ ಕೆಡುತ್ತಲೇ ಇರುತ್ತವೆ. ಪಿಂಪ್ರಿಯ ಸಿಂಧಿ ಮನೆಗಳಂಥಲ್ಲಿ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತರೋಗದ ವಾಹಕರೂ ಹೆಚ್ಚು. ಅವರ ಎಚ್‌ಬಿ ಕಡಿಮೆ, ಫೆರಿಟಿನ್ ಸರಿ. ಪರೀಕ್ಷಿಸದೆ ಅವರಿಗೆ ವರ್ಷಗಟ್ಟಲೆ ಕಬ್ಬಿಣ ತಿನ್ನಿಸುವುದು ಅನ್ಯಾಯ.

ಹಾಗಾದರೆ ಚೀಟಿ ಹೇಗಿರಬೇಕು? ಗಂಟೆ ಬರೆದಿರಬೇಕು. ಥೈರಾಕ್ಸಿನ್ ಬೆಳಗ್ಗೆ 6ಕ್ಕೆ, ಬರೀ ನೀರಿನೊಡನೆ, ತಿಂಡಿಗೆ ಒಂದು ತಾಸು ಮುಂಚೆ. ಇಲ್ಲವೇ ರಾತ್ರಿ ಊಟವಾಗಿ ಮೂರು ತಾಸಾದ ಮೇಲೆ. ಬೆಳಗ್ಗೆ ಥೈರಾಕ್ಸಿನ್ ತಗೊಳ್ಳುವವರಿಗೆ ಕಬ್ಬಿಣ ಸೋಮ, ಬುಧ, ಶುಕ್ರ 11ಕ್ಕೆ, ನಿಂಬೆ ಪಾನಕದೊಡನೆ, ಚಹಾ ಇಲ್ಲದೆ. ಕ್ಯಾಲ್ಸಿಯಂ ಇವೆರಡರಿಂದಲೂ ದೂರ. ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್, ಮೂರು ತಿಂಗಳಿಗೆ ಫೆರಿಟಿನ್. ಇದಿಷ್ಟಕ್ಕೂ ಮೇಲಿನ ಸಾಲಿನಲ್ಲಿ, ಮುಟ್ಟಿನಲ್ಲಿ ಎಷ್ಟು ರಕ್ತ ಹೋಗುತ್ತದೆ ಎಂಬ ಪ್ರಶ್ನೆಗೆ ಆಕೆ ಕೊಟ್ಟ ಉತ್ತರ ಇರಬೇಕು. ಥೈರಾಯ್ಡ್ ಕಡಿಮೆಯಾದಾಗ ಮುಟ್ಟಿನ ಸ್ರಾವವೇ ಹೆಚ್ಚಾಗುವುದುಂಟು.