ಬೀಗ ಹಾಕಿದ ಚೋಳನಾಡು

2014ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ ತನ್ನ ‘ಕ್ರುಸೇಡರ್ ಕಿಂಗ್ಸ್ 2’ ಕಂಪ್ಯೂಟರ್ ಆಟದ ನಕಾಶೆಗೆ ಇಡೀ ಭಾರತವನ್ನು ಸೇರಿಸಿತು. ನಕಾಶೆ ಎಲ್ಲರಿಗೂ ಉಚಿತ. ಆದರೆ ಚೋಳ ದೊರೆಯಾಗಿಯೋ ಕಲ್ಯಾಣದ ಚಾಲುಕ್ಯನಾಗಿಯೋ ಆಡಬೇಕೆಂದರೆ ‘ರಾಜಾಸ್ ಆಫ್ ಇಂಡಿಯಾ’ ಎಂಬ ಡಿಎಲ್‌ಸಿಗೆ (ಮೂಲ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಕ್ಕೆ) ಬೇರೆ ದುಡ್ಡು ತೆರಬೇಕು. ಫ್ರಾನ್ಸಿನ ರಾಜನಾಗಲು ಆಗ ಮೂಲ ಆಟದ ಬೆಲೆಯೇ ಸಾಕಾಗಿತ್ತು. ಚೆನ್ನೈಯಲ್ಲಿ ಕೂತು ಆಡುವವನಿಗೆ ತನ್ನ ಕಾಲಡಿಯ ನೆಲ ಪರದೆಯ ಮೇಲೆ ಕಾಣುತ್ತದೆ, ಆಳಲು ಸಿಗುವುದಿಲ್ಲ.

ಡಿಎಲ್‌ಸಿ ದುಬಾರಿ ಎಂದು ಗೊಣಗುವುದು ಸುಲಭ. ದುಡ್ಡು ಕೊಟ್ಟಾಗ ಆಟ ಬೆಳೆಯುತ್ತದೆಯೋ, ಅಥವಾ ತಡೆಹಿಡಿದದ್ದು ಬಿಡುಗಡೆಯಾಗುತ್ತದೆಯೋ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಅದೇ ಕಂಪನಿಯ ‘ಯುರೋಪಾ ಯೂನಿವರ್ಸಾಲಿಸ್ 4’ಕ್ಕೆ 2018ರಲ್ಲಿ ಬಂದ ‘ಧರ್ಮ’ವನ್ನೇ ನೋಡಿ. ಆಗಿನ ಬೆಲೆ ಸುಮಾರು 20 ಡಾಲರ್, ಅಂದರೆ ಮೂಲ ಆಟದ ಅರ್ಧ. ಕಡಿಮೆ ಹಣವೇನಲ್ಲ. ಆದರೂ ಅದರಲ್ಲಿ ಹುರುಳಿದೆ. ದೂರದ ದೇಶವೊಂದು ಇಲ್ಲಿನ ಅರಸನಿಗೆ ಹಣ ತೆತ್ತು ಪ್ರಾಂತ್ಯವೊಂದನ್ನು ಪಡೆದು, ಅಲ್ಲಿ ವ್ಯಾಪಾರಿ ಕಂಪನಿ ನೆಲೆಯೂರುವಂತೆ ಮಾಡಬಹುದು. ಚರಿತ್ರೆಯಲ್ಲೂ ಹೀಗೇ ನಡೆದಿತ್ತು: 1639ರಲ್ಲಿ ಸ್ಥಳೀಯ ಅಧಿಪತಿ ದಾಮರ್ಲ ವೆಂಕಟಾದ್ರಿ ನಾಯಕ ಈಸ್ಟ್ ಇಂಡಿಯಾ ಕಂಪನಿಗೆ ಕಡಲತೀರದ ತುಂಡು ನೆಲವನ್ನು ಬಿಟ್ಟುಕೊಟ್ಟದ್ದರಿಂದಲೇ ಮದರಾಸು ಹುಟ್ಟಿತು. ಯುದ್ಧವಿಲ್ಲದೆ ಒಂದು ಒಪ್ಪಂದ ಚರಿತ್ರೆಯ ದಿಕ್ಕನ್ನು ಹೇಗೆ ತಿರುಗಿಸುತ್ತದೆ ಎಂಬುದು ಆಡುತ್ತಾ ಆಡುತ್ತಾ ಮನದಟ್ಟಾಗುತ್ತದೆ. ಇಂಥದ್ದಕ್ಕೆ ದುಡ್ಡು ಕೇಳಿದರೆ ತಪ್ಪಿಲ್ಲ.

ಅದೇ ಆಟಕ್ಕೆ 2015ರಲ್ಲಿ ಬಂದ ‘ಕಾಮನ್ ಸೆನ್ಸ್’ ಡಿಎಲ್‌ಸಿ ಬಗ್ಗೆ ಈ ಮಾತು ಹೇಳಲಾರೆ. ಸ್ವಂತ ಪ್ರಾಂತ್ಯಗಳನ್ನು ಅಭಿವೃದ್ಧಿಪಡಿಸುವ ಗುಂಡಿ ಅದನ್ನು ಕೊಂಡವರಿಗೆ ಮಾತ್ರ ದಕ್ಕಿತು. ಮರುವರ್ಷದ ಉಚಿತ ಅಪ್‌ಡೇಟ್‌ನಲ್ಲಿ ಹೊಸ ನಿಯಮ ಬಂತು: ಯುರೋಪಿನಲ್ಲಿ ಹುಟ್ಟಿದ ಹೊಸ ವಿಚಾರಗಳು ತಲುಪದ ರಾಜ್ಯಕ್ಕೆ ತಂತ್ರಜ್ಞಾನ ದುಬಾರಿ. ಪಾರಾಗುವ ಒಳ್ಳೆಯ ದಾರಿ, ಒಂದು ಪ್ರಾಂತ್ಯವನ್ನು ಬೆಳೆಸಿ ಆ ವಿಚಾರ ಅಲ್ಲೇ ಚಿಗುರುವಂತೆ ಮಾಡುವುದು. ಯುರೋಪಿನಿಂದ ದೂರವಿದ್ದ ವಿಜಯನಗರದಂಥ ರಾಜ್ಯಗಳಿಗೆ ಇದು ಬೇಕೇಬೇಕು. ಆದರೆ ಗುಂಡಿಗೆ ಬೀಗ. ರೋಗವನ್ನು ಪುಕ್ಕಟೆ ಹಂಚಿ ಮದ್ದನ್ನು ಮಾರಿದಂತಾಯಿತು. ಕಂಪನಿ ಎಷ್ಟೋ ವರ್ಷಗಳ ಮೇಲೆ ಆ ಗುಂಡಿಯನ್ನು ಮೂಲ ಆಟಕ್ಕೆ ಸೇರಿಸಿತು. ಆ ಹೊತ್ತಿಗೆ ಕೊಳ್ಳುವವರು ಕೊಂಡಾಗಿತ್ತು.

ಕಂಪನಿಯ ಪರವಾಗಿಯೂ ಮಾತಿದೆ. 2013ರ ‘ಯುರೋಪಾ ಯೂನಿವರ್ಸಾಲಿಸ್ 4’ನ್ನು ದಶಕದಾಚೆಗೂ ತಿದ್ದಿ ಬೆಳೆಸಲು ಹಣ ಬೇಕು. ಹಲವರು ಒಟ್ಟಾಗಿ ಆಡುವಾಗ ಆಟ ನಡೆಸುವವನ ಬಳಿ ಡಿಎಲ್‌ಸಿ ಇದ್ದರೆ ಉಳಿದವರಿಗೂ ಅದರ ಸೌಲಭ್ಯ ಸಿಗುತ್ತದೆ. ನಾಲ್ವರು ಗೆಳೆಯರಲ್ಲಿ ಒಬ್ಬ ಕೊಂಡರೆ ಸಾಕು. 2021ರಿಂದ ತಿಂಗಳ ಚಂದಾ ಸೌಲಭ್ಯವೂ ಬಂದಿದೆ.

ಆದರೂ ನ್ಯಾಯದ ಮಾದರಿ ಬೇರೆಡೆ ಇದೆ. 2022ರ ಏಪ್ರಿಲ್‌ನಲ್ಲಿ ‘ಏಜ್ ಆಫ್ ಎಂಪೈರ್ಸ್ 2’ಕ್ಕೆ ಬಂದ ‘ಡೈನಸ್ಟೀಸ್ ಆಫ್ ಇಂಡಿಯಾ’ 10 ಡಾಲರ್‌ಗೆ ದ್ರಾವಿಡ, ಬಂಗಾಳಿ, ಗುರ್ಜರ ಎಂಬ ಮೂರು ಹೊಸ ನಾಗರಿಕತೆಗಳನ್ನೂ ರಾಜೇಂದ್ರ ಚೋಳನದೂ ಸೇರಿ ಮೂರು ಕಥನಗಳನ್ನೂ ಕೊಟ್ಟಿತು. ಕೊಳ್ಳದವನ ಹಳೆಯ ಆಟಕ್ಕೆ ಯಾವ ಊನವೂ ಆಗಲಿಲ್ಲ. ಪ್ಯಾರಡಾಕ್ಸ್ ಕೂಡ 2020ರ ‘ಕ್ರುಸೇಡರ್ ಕಿಂಗ್ಸ್ 3’ರಲ್ಲಿ ಭಾರತದ ಅರಸರನ್ನು ಮೊದಲ ದಿನದಿಂದಲೇ ಆಡಲು ಬಿಟ್ಟಿತು. ಬೀಗ ಅನಿವಾರ್ಯವಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೊಸ ಕಥೆಗೆ, ಹೊಸ ನಾಡಿಗೆ ಬೆಲೆ ಕೇಳಲಿ, ಸಂತೋಷದಿಂದ ಕೊಡೋಣ. ಆಟದ ನಿಯಮಗಳಿಗೆ ಬೇಕೇಬೇಕಾದ ಸಲಕರಣೆ ಮಾತ್ರ ಮೂಲ ಆಟದಲ್ಲೇ ಇರಬೇಕು. ಇಲ್ಲದಿದ್ದರೆ ರಿಯಾಯಿತಿ ಸೇಲ್‌ನಲ್ಲಿ ಕೊಂಡರೂ ಅದು ದುಬಾರಿಯೇ.